ಫೋನು ಹೊರಗಿಟ್ಟು ಒಳಗೆ ಬನ್ನಿ

ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದ ಹೆಂಗಸರ ಆಶ್ರಯ ಕೇಂದ್ರವೊಂದರಲ್ಲಿ, ಅವರ ಮಕ್ಕಳಿಗೆ ಕಥೆ ಓದಲು ಹೋಗುತ್ತೇನೆ. ಸನವಳ್ಳಿಯಿಂದ ಮುಂಡಗೋಡಕ್ಕೆ ಹೋಗಿ ಬಸ್ಸು ಬದಲಿಸಬೇಕು. ಅಲ್ಲಿಂದ ಮುಂದೆ ಯಾವ ಊರು ಎಂದು ಬರೆಯುವುದಿಲ್ಲ.

ಒಮ್ಮೆ ಅಧಿಕಾರಿಯೊಬ್ಬರು ಬಂದು, ನಾನು ಓದುತ್ತಿರುವಾಗಲೇ ಮಕ್ಕಳ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದರು. ಬೇಡ ಸರ್ ಎಂದೆ. ‘ಒಳ್ಳೇ ಕೆಲಸ ನಾಕು ಮಂದಿಗೆ ಗೊತ್ತಾಗ್ಲಿ ಬಿಡ್ರಿ’ ಎಂದರು.

ಗೊತ್ತಾಯಿತು. ಮರುವಾರ ಕಥೆಯ ನಡುವೆ ಗೇಟು ಬಡಿಯುವ ಸದ್ದು, ಹಿಂದೆಯೇ ಬೈಗುಳ. ಏಳೆಂಟು ವರ್ಷದ ಹುಡುಗಿಯೊಬ್ಬಳು ದನಿ ಕೇಳಿದ್ದೇ ತಡ, ತಮ್ಮನನ್ನು ಎಳೆದುಕೊಂಡು ಅವನ ಬಾಯಿ ಮುಚ್ಚಿ ಹಿಡಿದಳು. ಆ ಕೂಸು ಕೊಸರಾಡಲೂ ಇಲ್ಲ. ಅದಕ್ಕೆ ರೂಢಿಯಾಗಿತ್ತು. ಅಡುಗೆಮನೆಯಿಂದ ಬಂದ ತಾಯಿ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ನಿಂತುಬಿಟ್ಟಳು. ಮೇಲ್ವಿಚಾರಕಿ 112ಕ್ಕೆ ಕರೆ ಮಾಡಿದರು. ನಾನು ಮಕ್ಕಳನ್ನೆಲ್ಲ ಉಗ್ರಾಣಕ್ಕೆ ಕರೆದೊಯ್ದು, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಹೊರಗಿನ ಗದ್ದಲ ಕೇಳಿಸದಿರಲೆಂದು ಗಟ್ಟಿಯಾಗಿ ಓದತೊಡಗಿದೆ. ಆ ಹುಡುಗಿ ನನ್ನ ಸೆರಗು ಜಗ್ಗಿದಳು: ‘ಅಕ್ಕೋರ, ಜೋರಾಗಿ ಓದಬ್ಯಾಡ್ರಿ. ಅಪ್ಪಗ ಕೇಳಿಸ್ತೇತಿ.’ ಪೊಲೀಸರು ಬರುವವರೆಗೂ ಪಿಸುದನಿಯಲ್ಲೇ ಓದಿದೆ. ಒಂದು ಮಗುವೂ ಅಳಲಿಲ್ಲ. ಮಕ್ಕಳು ಅಷ್ಟು ಸುಮ್ಮನಿದ್ದದ್ದನ್ನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನು ಎಂದೂ ಕಂಡಿರಲಿಲ್ಲ.

ಆ ರಾತ್ರಿಯೇ ತಾಯಿ-ಮಕ್ಕಳನ್ನು ಬೇರೆ ಜಿಲ್ಲೆಗೆ ಸಾಗಿಸಿದರು. ಹುಡುಗಿಗೆ ಆಗಷ್ಟೇ ಶಾಲೆ ಒಗ್ಗಿತ್ತು, ಅದೂ ಹೋಯಿತು. ಇದಕ್ಕೆ ಆ ಫೋಟೊ ಕಾರಣವೆಂದೇ ನಾನು ಇಂದಿಗೂ ಹೇಳುತ್ತೇನೆ.

ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆಗೆ 2006ರಲ್ಲಿ ಬಂದ ನಿಯಮಗಳಲ್ಲೇ ಇದೆ: ಹೆಂಗಸು ಕೇಳಿಕೊಂಡರೆ, ಆಕೆ ಅಲ್ಲಿರುವ ವಿಷಯವನ್ನು ಕೇಂದ್ರದವರು ಗಂಡನಿಗೆ ತಿಳಿಸುವಂತಿಲ್ಲ. ರಕ್ಷಣೆ ಬೇಕಾದ ಮಕ್ಕಳ ಗುರುತು, ಚಿತ್ರ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ತಡೆಯುತ್ತದೆ. ಎರಡರ ಪ್ರತಿಯನ್ನೂ ಆ ಅಧಿಕಾರಿಯ ಮೇಜಿನ ಮೇಲಿಟ್ಟು ಬಂದೆ.

ಇಂಥ ಕೇಂದ್ರಗಳಿಗೆ ಓದಲು ಹೋಗುವವರು ಫೋನನ್ನು ಕಚೇರಿಯಲ್ಲೇ ಬಿಡಿ. ಒಂದೇ ಸಲಕ್ಕೆ ಮುಗಿಯುವ ಕಥೆ ಒಯ್ಯಿರಿ. ತುರ್ತು ನೆರವಿನ ಸಖಿ ಕೇಂದ್ರದಲ್ಲಾದರೆ ತಂಗಲು ಐದೇ ದಿನ, ಕಥೆಯ ಉಳಿದರ್ಧ ಕೇಳಲು ಮಗು ಇರುವುದಿಲ್ಲ. ಅಪ್ಪನ ಬಗ್ಗೆ ಕೇಳಬೇಡಿ. ಅಣ್ಣನ ಬಗ್ಗೆಯೂ ಬೇಡ: ಹೆಚ್ಚು ದಿನ ಇರಬಹುದಾದ ಶಕ್ತಿ ಸದನದಲ್ಲಿ ತಾಯಿಯ ಜೊತೆ ಗಂಡುಮಕ್ಕಳಿಗೆ ಹನ್ನೆರಡು ವರ್ಷದವರೆಗೆ ಮಾತ್ರ ಜಾಗ, ದೊಡ್ಡವನು ಬೇರೆಲ್ಲೋ ಇರುತ್ತಾನೆ. ನಮ್ಮ ಕಡೆಯ ಗೌಳಿ ಸಮುದಾಯದ ಮಕ್ಕಳು ಕನ್ನಡದಲ್ಲಿ ಕೇಳಿದ್ದನ್ನು ಮರಾಠಿಯಲ್ಲಿ ಹೇಳುತ್ತಾರೆ, ತಿದ್ದದೆ ಕೇಳಿ.

ಮೊನ್ನೆ ಅದೇ ಅಧಿಕಾರಿ ಸನ್ಮಾನಕ್ಕೆ ಕರೆದರು. ಮಕ್ಕಳನ್ನು ವೇದಿಕೆಗೆ ಹತ್ತಿಸುವುದಿಲ್ಲ ಎಂದು ಬರೆದುಕೊಡಿ, ಬರುತ್ತೇನೆ ಎಂದೆ.