ಸುಟ್ಟ ಗಾಯಕ್ಕೆ ಮೊದಲು ನೀರು, ಆಮೇಲೆ ಜೇನು



ಕಟಾವಿನ ಹಂಗಾಮಿನಲ್ಲಿ ಬೆಂಕಿಯ ಅಪಘಾತಗಳು ತಪ್ಪಿದ್ದಲ್ಲ. ರವದಿಗೆ ಹಚ್ಚಿದ ಬೆಂಕಿ ಗಾಳಿಗೆ ತಿರುಗುತ್ತದೆ, ಗ್ಯಾಂಗಿನವರ ಜೋಪಡಿಗೆ ಒಲೆಯ ಕಿಡಿ ತಾಗುತ್ತದೆ, ಗಾಣದಲ್ಲಿ ಕುದಿಯುವ ಪಾಕ ಮೈಗೆ ಸಿಡಿಯುತ್ತದೆ. (ರವದಿ ಸುಡಬೇಡಿರೆಂದು ನಾವು ಹೇಳುತ್ತಲೇ ಇದ್ದೇವೆ.) ಆಗ ಮಸಿ, ಟೂತ್‌ಪೇಸ್ಟ್, ತುಪ್ಪ, ಸಗಣಿ ಹೀಗೆ ಕೈಗೆ ಸಿಕ್ಕಿದ್ದನ್ನು ಹಚ್ಚುವುದು ರೂಢಿ. ಇವು ಯಾವವೂ ಬೇಡ. ಸಗಣಿಯಿಂದ ಧನುರ್ವಾಯು ಬರಬಹುದು.

ಮೊದಲ ಔಷಧಿ ನೀರೇ. ಬಿಸಿಲಿಗೆ ಕಾದ ಪೈಪಿನ ನೀರನ್ನು ಚೆಲ್ಲಿ, ತಣ್ಣೀರನ್ನು ಗಾಯದ ಮೇಲೆ 20 ನಿಮಿಷ ಹರಿಯಬಿಡಿರಿ. ತಡವಾದರೂ 3 ತಾಸಿನೊಳಗೆ ಮಾಡಿದರೆ ಪ್ರಯೋಜನವುಂಟು. ಬರ್ಫ ಬೇಡ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಅಂಟಿದ ಬಟ್ಟೆ ಕೀಳಬಾರದು, ಗುಳ್ಳೆ ಒಡೆಯಬಾರದು.

ಇನ್ನು ಮನೆಮದ್ದಿನ ಮಾತು. ಜೇನಿನ ಪರೀಕ್ಷೆ ನಮ್ಮ ಸೊಲ್ಲಾಪುರದಲ್ಲಿಯೇ ನಡೆದಿದೆ. ಇಲ್ಲಿಯ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ರೋಗಿಗಳ ಮೇಲೆ ಮಾಡಿದ ಪ್ರಯೋಗ 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಶುದ್ಧ ಜೇನಿನ ಪಟ್ಟಿ, ಉಳಿದವರಿಗೆ ಆಸ್ಪತ್ರೆಯ ಸಿಲ್ವರ್ ಸಲ್ಫಾಡಯಾಜಿನ್ ಪಟ್ಟಿ. 15 ದಿನಗಳಲ್ಲಿ ಜೇನಿನವರ ಪೈಕಿ ನೂರಕ್ಕೆ 87 ಜನರ ಗಾಯ ಮಾಯಿತು, ಮುಲಾಮಿನವರ ಪೈಕಿ 10 ಮಾತ್ರ. ಬೇಯಿಸಿದ ಬಟಾಟೆಯ ಸಿಪ್ಪೆಯೊಂದಿಗೆ ಹೋಲಿಸಿ ಅವರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಜೇನೇ ಮೇಲಾಯಿತು.

ಕಾರಣ ತಮಗೆ ಸುಲಭವಾಗಿ ತಿಳಿಯುವಂಥದು. ಒಳ್ಳೆಯ ಕಬ್ಬಿನ ರಸದ ಬ್ರಿಕ್ಸ್ 20ರ ಆಸುಪಾಸು, ಜೇನಿನದು 80ರ ಸುಮಾರು. ಅಷ್ಟು ದಟ್ಟ ಸಕ್ಕರೆಯಲ್ಲಿ ರೋಗಾಣುವಿಗೆ ನೀರು ದಕ್ಕದು. ಮೇಲಾಗಿ ಜೇನು ಹುಳಿ ಗುಣದ್ದು. ನೊಣ ಬೆರೆಸಿದ ಕಿಣ್ವದಿಂದ ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡೂ ಹುಟ್ಟುತ್ತದೆ. ಹಾಗೆಂದು ಬೆಲ್ಲದ ಪಾಕ ಹಚ್ಚೀರಿ, ಜೋಕೆ! ಪಾಕ ಬೆರೆಸಿದ ಅಂಗಡಿಯ ಜೇನೂ ಕೆಲಸಕ್ಕೆ ಬಾರದು.

ಬದುವಿನ ಲೋಳಸರವೂ ಕಡಿಮೆಯದಲ್ಲ. ನಾಲ್ಕು ಪ್ರಯೋಗಗಳನ್ನು ಕೂಡಿಸಿ 2007ರಲ್ಲಿ ಥಾಯ್ಲೆಂಡಿನ ಸಂಶೋಧಕರು ಲೆಕ್ಕ ಹಾಕಿದಾಗ, ಗಾಯ ಸುಮಾರು 9 ದಿನ ಮೊದಲೇ ಮಾಯ್ದದ್ದು ಕಂಡುಬಂತು. ಎಲೆ ತೊಳೆದು, ಹಳದಿ ರಸ ಸೋರಿಹೋದ ಮೇಲೆ ಒಳಗಿನ ತಿಳಿ ಲೋಳೆಯನ್ನಷ್ಟೇ ತೆಗೆದುಕೊಳ್ಳಬೇಕು.

ಆದರೆ ಇವೆಲ್ಲ ಚರ್ಮ ಕೆಂಪಾದ, ಅಂಗೈಗಿಂತ ಚಿಕ್ಕ ಗಾಯಕ್ಕೆ ಮಾತ್ರ. ಜೇನನ್ನು ಎತ್ತಿಹಿಡಿದ ಅದೇ ವೈದ್ಯರು, ಮಧ್ಯಮ ಪ್ರಮಾಣದ ಸುಟ್ಟ ಗಾಯಗಳಲ್ಲಿ ಸತ್ತ ಚರ್ಮವನ್ನು ಬೇಗ ಕತ್ತರಿಸಿ ಹೊಸ ಚರ್ಮ ಕಸಿ ಮಾಡುವುದೇ ಜೇನಿಗಿಂತ ಲೇಸೆಂದು 1999ರಲ್ಲಿ ಬರೆದರು. ಅವರ ಮೇಲಿನ ನನ್ನ ಗೌರವ ಹೆಚ್ಚಿದ್ದು ಇದರಿಂದಲೇ. ಚರ್ಮ ಬೆಳ್ಳಗೆ ಅಥವಾ ಕಪ್ಪಗಾಗಿ ನೋವೇ ಇಲ್ಲದಿದ್ದರೆ ಗಾಯ ಆಳವೆಂದು ತಿಳಿಯಿರಿ. ನೋವಿಲ್ಲವೆಂದು ಸಮಾಧಾನಪಡುವ ಹೊತ್ತು ಅದಲ್ಲ. ಮುಖ, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಹೊಗೆ ಕುಡಿದಿದ್ದರೆ, ಗಾಯಾಳು ಮಗುವಾಗಿದ್ದರೆ ಮನೆಮದ್ದಿಗೆ ಕೂಡಬೇಡಿರಿ. ತಣ್ಣೀರು ಹಾಕುತ್ತಿರುವಾಗಲೇ 108ಕ್ಕೆ ಫೋನು ಮಾಡಿಸಿರಿ. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿ.ಮೀ. ದಾರಿ. ಗಾಯಕ್ಕೆ ಏನೂ ಹಚ್ಚದೆ ಒಗೆದ ಧೋತರದಿಂದ ಸಡಿಲಾಗಿ ಮುಚ್ಚಿ, ಉಳಿದ ಮೈಯನ್ನು ಬೆಚ್ಚಗಿಟ್ಟು ಕರೆದೊಯ್ಯಿರಿ. ಗ್ಯಾಂಗಿನ ಮುಕಾದಮನಿಗೂ ಇದನ್ನು ಓದಿ ಹೇಳಿರಿ.