ಇರುವ ಇ-ಮೇಲ್ ಖಾತೆಯನ್ನು ಟ್ಯಾಬ್ಲೆಟ್‌ನಲ್ಲಿ ಅಳವಡಿಸುವುದು

ಹಿನ್ನೆಲೆ: 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ಭಾಗಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ತೆಲಂಗಾಣದಲ್ಲಿರುವ ಈ ಸೀಮೆಯ ಬೊಮ್ರಾಸಪೇಟ್‌ನಂತಹ ಊರಿನಲ್ಲಿ ಕನ್ನಡ ಶಿಕ್ಷಕರಿಗೆ ದೂರದ ಸಹೋದ್ಯೋಗಿಗಳೊಡನೆ ಪಾಠಸಾಮಗ್ರಿ ಹಂಚಿಕೊಳ್ಳಲು ಇ-ಮೇಲ್ ಸುಲಭ ಸಾಧನ. ಹೊಸ ಟ್ಯಾಬ್ಲೆಟ್ ಬಂದಾಗ ಹಲವರು ಹೊಸ ಖಾತೆಯನ್ನೇ ತೆರೆದುಬಿಡುತ್ತಾರೆ. ಪಠ್ಯಪುಸ್ತಕದ ಬೇಡಿಕೆ ಕೇಳುವ ಪತ್ರವು ಹಳೆಯ ವಿಳಾಸಕ್ಕೆ ಬಂದು, ಯಾರೂ ಓದದೆ ಉಳಿದರೆ ನಷ್ಟ ಮಕ್ಕಳದು.

ಮೂಲತತ್ತ್ವ: ಪತ್ರಗಳು ಸಾಮಾನ್ಯವಾಗಿ ಸಂಸ್ಥೆಯ ಸರ್ವರ್‌ನಲ್ಲಿರುತ್ತವೆ, ಟ್ಯಾಬ್ಲೆಟ್ ಅವುಗಳನ್ನು ತೋರಿಸುವ ಕಿಟಕಿ ಮಾತ್ರ. ಆದುದರಿಂದ ಹಳೆಯ ಖಾತೆಯನ್ನು ಸೇರಿಸಿದೊಡನೆ ಹಳೆಯ ಪತ್ರಗಳೂ ಕಾಣುತ್ತವೆ.

ಹಂತಗಳು (ಆಂಡ್ರಾಯ್ಡ್, ಜಿಮೇಲ್):
1. ವಿಳಾಸ, ಗುಪ್ತಪದ, ಖಾತೆಗೆ ಜೋಡಿಸಿದ ಮೊಬೈಲ್ ಇವು ಕೈಯಲ್ಲಿರಲಿ.
2. ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ವಿಭಾಗವನ್ನು ತೆರೆದು, ‘ಖಾತೆ ಸೇರಿಸಿ’ ಎಂಬುದನ್ನು ಒತ್ತಿ, ಗೂಗಲ್ ಆಯ್ದುಕೊಳ್ಳಬೇಕು.
3. ಹೊಸ ಖಾತೆ ರಚಿಸುವ ಆಯ್ಕೆಯನ್ನು ಒತ್ತದೆ, ಇರುವ ವಿಳಾಸವನ್ನೇ ಬರೆಯಬೇಕು.
4. ಗುಪ್ತಪದದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಪಾಲಿಸಬೇಕು.
5. ಮೊಬೈಲಿಗೆ ಬಂದ ಸಂಕೇತವನ್ನು ಕೇಳಿದರೆ ನಮೂದಿಸಬೇಕು. ಅದನ್ನು ಯಾರಿಗೂ ಹೇಳಬಾರದು.
6. ಸಿಂಕ್ ಚಾಲನೆಯಲ್ಲಿದೆಯೇ ಎಂದು ನೋಡಬೇಕು.

ಬೇರೆ ಸಂಸ್ಥೆಯ ಖಾತೆಗೆ ಐಮ್ಯಾಪ್, ಪಾಪ್ ಎಂಬ ಎರಡು ವಿಧಾನಗಳು ಕಂಡರೆ ಐಮ್ಯಾಪ್ ಆಯ್ಕೆ ಲೇಸು. ಅದರಲ್ಲಿ ಫೋನ್, ಟ್ಯಾಬ್ಲೆಟ್, ಕಂಪ್ಯೂಟರ್‌ಗಳಲ್ಲಿ ಒಂದೇ ಪತ್ರರಾಶಿ ಕಾಣುತ್ತದೆ.

ಪರೀಕ್ಷೆ: ಕೀಲಿಮಣೆಗೆ ಕನ್ನಡವನ್ನು ಸೇರಿಸಿ, ತಮ್ಮ ವಿಳಾಸಕ್ಕೇ ಎರಡು ಸಾಲು ಕಳುಹಿಸಬೇಕು. ಯುನಿಕೋಡ್‌ನಲ್ಲಿ ಬರೆದ ಕನ್ನಡ ಹಾಗೆಯೇ ತಲುಪುತ್ತದೆ. ಹಳೆಯ ನುಡಿ ಫಾಂಟಿನ ಆಸ್ಕಿ ಬರಹ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.

ಎಚ್ಚರಿಕೆ: ಶಾಲೆಯ ಟ್ಯಾಬ್ಲೆಟ್ ಹಲವರ ಕೈಗೆ ಹೋಗುವುದರಿಂದ ಪರದೆಗೆ ಬೀಗ ಅಗತ್ಯ. ವರ್ಗಾವಣೆಯಾಗುವ ಶಿಕ್ಷಕರು ತಮ್ಮ ಖಾತೆಯನ್ನು ತೆಗೆದೇ ಸಾಧನವನ್ನು ಒಪ್ಪಿಸಬೇಕು. ಖಾತೆ ತೆಗೆದರೂ ಸರ್ವರ್‌ನಲ್ಲಿರುವ ಪತ್ರಗಳು ಅಳಿಯುವುದಿಲ್ಲ. ತೆಗೆಯದೆ ಉಳಿಸಿದ ಟ್ಯಾಬ್ಲೆಟನ್ನು ಗುಂಡಿಗಳ ಮೂಲಕ ಬಲವಂತವಾಗಿ ರೀಸೆಟ್ ಮಾಡಿದರೆ, ಅದು ಹಿಂದಿನವರ ಗುಪ್ತಪದವನ್ನೇ ಕೇಳಿ ಹೊಸ ಶಿಕ್ಷಕರಿಗೆ ನಿರುಪಯುಕ್ತವಾಗಬಹುದು.

ಅಭ್ಯಾಸ:
1. ಹೊಸ ಖಾತೆ ತೆರೆಯುವುದಕ್ಕೂ ಇರುವ ಖಾತೆಯನ್ನು ಸೇರಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಅಂಚೆಪೆಟ್ಟಿಗೆಯ ಹೋಲಿಕೆಯಿಂದ ವಿವರಿಸಿರಿ.
2. ಟ್ಯಾಬ್ಲೆಟ್ ಕಳೆದುಹೋದರೆ ಮೊದಲು ಗುಪ್ತಪದವನ್ನು ಏಕೆ ಬದಲಿಸಬೇಕು?