ಎಚ್‌ಐವಿ ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದಾಗ

"ಗುಳಿಗಿ ತಗೊಳ್ಳಾಕತ್ತೀನ್ರಿ, ಆದ್ರೂ ವೈರಸ್ ಜಾಸ್ತಿ ಆಗೇತಿ ಅಂತಾರ್ರಿ. ಇನ್ನ ಮುಗೀತೇನ್ರಿ ನನ್ನ ಕತಿ?"

ಎಆರ್‌ಟಿ ಪಡೆಯುತ್ತಿರುವ ಬಂಧುಗಳು ಹೀಗೆ ಕೇಳುತ್ತಾರೆ. ಮುಗಿದಿಲ್ಲ. ನಮ್ಮ ದೇಶದಲ್ಲಿ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಮೊದಲ ಔಷಧಿ ಸೋತವರಿಗಾಗಿ ಎರಡನೇ ಹಂತದ ಔಷಧಿ 2008ರಿಂದ ಉಚಿತವಾಗಿ ಬಂತು. ಈಗ ಮೂರನೇ ಹಂತವೂ ಇದೆ. ಆದರೆ ಈ ಹಂತಗಳು ಬಾವಿಯ ನೀರಿನಂತೆ ಮತ್ತೆ ಮತ್ತೆ ಊರುವಂಥವಲ್ಲ, ಎಣಿಕೆಯವು. ಒಂದನ್ನು ಸುಮ್ಮನೆ ಕಳೆದುಕೊಳ್ಳಬಾರದು.

ಮೊದಲು ಗೊತ್ತಾಗುವುದು ರಕ್ತದಲ್ಲಿ

ಔಷಧಿ ಸೋಲತೊಡಗಿದಾಗ ಮೊದಲು ರಕ್ತದಲ್ಲಿ ವೈರಸ್ಸಿನ ಸಂಖ್ಯೆ ಏರುತ್ತದೆ. ಕೆಲವು ತಿಂಗಳ ನಂತರ ಸಿಡಿ-4 ಕಣಗಳು ಇಳಿಯುತ್ತವೆ. ಜ್ವರ, ಭೇದಿ, ತೂಕ ಇಳಿಯುವುದು, ಬಾಯಲ್ಲಿ ಬಿಳಿ ಅಗ್ರ, ಕ್ಷಯ ಇವೆಲ್ಲ ಬರುವುದು ಕೊನೆಗೆ. ಆದ್ದರಿಂದ "ಮೈಯಾಗ ಆರಾಮ ಐತಿ, ರಕ್ತ ಯಾಕ ಕೊಡ್ಲಿ" ಎನ್ನುವುದು ಸರಿಯಲ್ಲ. ಚಿಕಿತ್ಸೆ ಆರಂಭಿಸಿದ 6 ತಿಂಗಳಿಗೊಮ್ಮೆ, 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ ಇರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ 1000 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಆದರೆ ಅಂದೇ ಔಷಧಿ ಬದಲಿಸುವುದಿಲ್ಲ. ಅದಕ್ಕೆ ಕಾರಣವಿದೆ.

ಗುಳಿಗೆ ಸೋಲುವುದು ಹೇಗೆ?

ಹತ್ತಿ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಣ್ಣೆಯನ್ನು ಅರೆಬರೆ ಹೊಡೆದರೆ ಕಾಯಿಕೊರಕ ಹುಳು ಪೂರ್ತಿ ಸಾಯುವುದಿಲ್ಲ. ಉಳಿದ ಗಟ್ಟಿ ಹುಳುವಿನ ಸಂತತಿಯೇ ಹೊಲ ತುಂಬುತ್ತದೆ, ಮುಂದೆ ಆ ಎಣ್ಣೆ ನಾಟುವುದಿಲ್ಲ. ಎಚ್‌ಐವಿಯೂ ಹಾಗೆಯೇ. ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ತಪ್ಪುಗಳಾಗಿ, ಸ್ವಲ್ಪ ಬೇರೆ ರೂಪದ ವೈರಸ್ ಹುಟ್ಟುತ್ತಿರುತ್ತದೆ. ರಕ್ತದಲ್ಲಿ ಔಷಧಿ ಕಡಿಮೆಯಾದ ದಿನಗಳಲ್ಲಿ, ಔಷಧಿಗೆ ಬಗ್ಗದ ರೂಪ ಉಳಿದು ಬೆಳೆಯುತ್ತದೆ.

ಹಿಂದೆ ಕೊಡುತ್ತಿದ್ದ ನೆವಿರಪಿನ್, ಎಫಾವಿರೆಂಜ್ ಔಷಧಿಗಳನ್ನು ವೈರಸ್ ಸುಲಭವಾಗಿ ಮೀರುತ್ತಿತ್ತು. ಈಗ ಬಹುತೇಕರಿಗೆ ಕೊಡುವ ಒಂದೇ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇವೆ. ಡೊಲುಟೆಗ್ರಾವಿರನ್ನು ಮೀರುವುದು ವೈರಸ್ಸಿಗೆ ಕಷ್ಟ. ಆದ್ದರಿಂದ ಈ ಗುಳಿಗೆ ಪಡೆಯುವವರಲ್ಲಿ ವೈರಸ್ ಏರಿದರೆ ಬಹಳ ಸಲ ಔಷಧಿ ಸೋತಿರುವುದಿಲ್ಲ, ಔಷಧಿ ಹೊಟ್ಟೆಗೇ ಹೋಗಿರುವುದಿಲ್ಲ.

ನಿಜ ಹೇಳಿರಿ

ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋದಾಗ ಗುಳಿಗೆ ಮುಗಿದಿರುತ್ತದೆ. ಅತ್ತೆ ನೋಡಿಯಾರೆಂದು ಅಕ್ಕಿ ಡಬ್ಬಿಯಲ್ಲಿಟ್ಟು ಮರೆತಿರುತ್ತಾರೆ. ಕುಡಿದ ರಾತ್ರಿ ನೆನಪಿರುವುದಿಲ್ಲ. ಶ್ರಾವಣ ಸೋಮವಾರದ ಉಪವಾಸವೆಂದು ಬಿಟ್ಟವರೂ ಇದ್ದಾರೆ. (ಈ ಗುಳಿಗೆಗೆ ಊಟದ ಕಟ್ಟುಪಾಡಿಲ್ಲ. ಗುಟುಕು ನೀರಿನಲ್ಲಿ ನುಂಗಿದರೆ ವ್ರತಕ್ಕೆ ಭಂಗವಿಲ್ಲವೆಂದೇ ನಮ್ಮ ಅಭಿಪ್ರಾಯ.) ಬೈದಾರೆಂಬ ಅಂಜಿಕೆಯಿಂದ ಆಪ್ತಸಮಾಲೋಚಕರ ಮುಂದೆ "ಒಂದೂ ತಪ್ಪಿಲ್ರಿ" ಎಂದುಬಿಡುತ್ತಾರೆ. ಆ ಒಂದು ಮಾತು ನಂಬಿ, ಇನ್ನೂ ಕೆಲಸ ಮಾಡಬಲ್ಲ ಔಷಧಿಯನ್ನು ವೈದ್ಯರು ಬದಲಿಸಬೇಕಾಗಬಹುದು. ಬೈಯುವುದು ನಮ್ಮ ಕಡೆಯವರ ತಪ್ಪು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ನೂರಕ್ಕೆ 95ಕ್ಕಿಂತ ಹೆಚ್ಚು ಗುಳಿಗೆ ಹೊಟ್ಟೆಗೆ ಹೋಗಬೇಕು. ತಿಂಗಳ 30ರಲ್ಲಿ ಎರಡು ತಪ್ಪಿದರೆ 93ಕ್ಕೆ ಇಳಿಯಿತು. ರಾತ್ರಿ ಮರೆತರೆ ಬೆಳಿಗ್ಗೆ ನೆನಪಾದ ಕೂಡಲೇ ನುಂಗಿರಿ, ಆದರೆ ಎರಡನ್ನು ಒಟ್ಟಿಗೆ ಬೇಡ. ಊರು ಬಿಡುವ ಮೊದಲೇ ತಿಳಿಸಿದರೆ ಹೆಚ್ಚು ದಿನಗಳ ಗುಳಿಗೆ ಕೊಡುವ, ಇಲ್ಲವೇ ಹೋಗುವ ಊರಿನ ಕೇಂದ್ರಕ್ಕೆ ಹೆಸರು ವರ್ಗಾಯಿಸುವ ವ್ಯವಸ್ಥೆಯಿದೆ.

ತಪ್ಪದೆ ನುಂಗಿದರೂ ಬೇರೆ ಔಷಧಿ ಅಡ್ಡ ಬರಬಹುದು. ಆಮ್ಲಪಿತ್ತದ ಔಷಧಿ, ಸುಣ್ಣದ ಅಂಶದ ಗುಳಿಗೆ, ಕಬ್ಬಿಣದ ಗುಳಿಗೆ ಇವು ಡೊಲುಟೆಗ್ರಾವಿರನ್ನು ಮೈಗೆ ಹತ್ತಗೊಡುವುದಿಲ್ಲ. ಇವನ್ನು ನುಂಗುವ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಎಆರ್‌ಟಿ ತೆಗೆದುಕೊಳ್ಳಿರಿ. ಕ್ಷಯದ ರಿಫಾಂಪಿಸಿನ್ ನಡೆದಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಫಿಟ್ಸ್ ಗುಳಿಗೆ ಇದ್ದರೂ ತಿಳಿಸಿರಿ.

ಮುಂದೇನು?

ಮೂರು ತಿಂಗಳು ಆಪ್ತಸಮಾಲೋಚನೆ ನಡೆಸಿ, ಗುಳಿಗೆ ಸರಿಯಾಗಿ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆ ಮತ್ತೆ ವೈರಲ್ ಲೋಡ್ ಮಾಡುತ್ತಾರೆ. ಹಲವರಲ್ಲಿ ಅದು ಇಳಿದಿರುತ್ತದೆ. ಇಳಿಯದಿದ್ದರೆ ರಾಜ್ಯದ ತಜ್ಞರ ಸಮಿತಿ ಕಾಗದಪತ್ರ ನೋಡಿ ಎರಡನೇ ಹಂತ ನಿರ್ಧರಿಸುತ್ತದೆ. ಅಲ್ಲಿಯವರೆಗೆ "ಹೆಂಗೂ ಕೆಲಸ ಮಾಡವಲ್ದು" ಎಂದು ಹಳೆಯ ಗುಳಿಗೆ ಬಿಡಬೇಡಿರಿ. ಸೋಲುತ್ತಿರುವ ಔಷಧಿಯೂ ವೈರಸ್ಸನ್ನು ಸ್ವಲ್ಪ ಹಿಡಿದಿರುತ್ತದೆ. ಹೆಪಟೈಟಿಸ್ ಬಿ ಇರುವವರು ಏಕಾಏಕಿ ಬಿಟ್ಟರೆ ಯಕೃತ್ತಿಗೆ ಅಪಾಯ. ಈ ದಿನಗಳಲ್ಲಿ ನಿರೋಧ್ ತಪ್ಪಬಾರದು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಒಂದು ದಿನವೂ ಕಾಯದೆ ಎಆರ್‌ಟಿ ಕೇಂದ್ರಕ್ಕೆ ಹೋಗಬೇಕು.

ಎರಡನೇ ಹಂತದಲ್ಲಿ ಕೆಲವರಿಗೆ ಅಟಜನವಿರ್ ಮತ್ತು ರಿಟೊನವಿರ್ ಕೊಡುತ್ತಾರೆ. ಇದನ್ನು ಊಟದೊಂದಿಗೆ ನುಂಗಬೇಕು. ಅಂಗಡಿಯ ಗ್ಯಾಸ್ ಗುಳಿಗೆ ಇದನ್ನು ಕೆಡಿಸುತ್ತದೆ. ಇದರಿಂದ ಕೆಲವರ ಕಣ್ಣು ಹಳದಿಯಾಗುತ್ತದೆ. ಕಾಮಾಲೆ ಎಂದು ಹೆದರಿ ನಾಟಿ ಔಷಧಿಗೆ ಓಡಿ, ಎಆರ್‌ಟಿ ಬಿಟ್ಟವರು ಇದ್ದಾರೆ. ಸಾಮಾನ್ಯವಾಗಿ ಈ ಹಳದಿ ಯಕೃತ್ತು ಕೆಟ್ಟದ್ದಲ್ಲ. ಆದರೂ ವೈದ್ಯರಿಗೆ ತೋರಿಸಿರಿ, ನಿಜವಾದ ಕಾಮಾಲೆ ಹೌದೋ ಅಲ್ಲವೋ ರಕ್ತಪರೀಕ್ಷೆಯಿಂದ ಅವರು ಹೇಳುತ್ತಾರೆ.

ಕೇಂದ್ರಕ್ಕೆ ಹೋಗುವಾಗ ಎಆರ್‌ಟಿ ಪುಸ್ತಕ, ಉಳಿದ ಗುಳಿಗೆಯ ಡಬ್ಬಿ, ಬೇರೆ ಯಾವುದೇ ಔಷಧಿಯ ಚೀಟಿ ಒಯ್ಯಿರಿ. ನಿಮ್ಮ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಸಂದೇಹವಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.